ಹಳೆಯ ಯೆಜ್ಡಿ ಸ್ಟಾರ್ಟ್ ಆಗುತ್ತಿಲ್ಲವೇ? ಕಿಡಿ ತಪ್ಪಿದ ಜಾಗ ಹುಡುಕುವ ಕ್ರಮ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ ಅಲ್ಲಿ 1961ರಿಂದ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳು ರಾಜ್ಯದ ಊರೂರುಗಳಲ್ಲಿ ಇನ್ನೂ ಓಡುತ್ತಿವೆ. ಓಡದೆ ಶೆಡ್ಡಿನ ಮೂಲೆ ಹಿಡಿದವೂ ಬೇಕಾದಷ್ಟಿವೆ. ಹಾಗೆ ನಿಂತುಹೋದ ಗಾಡಿಯನ್ನು ಹೊರಗೆ ತಂದು ಎಷ್ಟು ಕಿಕ್ ಹೊಡೆದರೂ ಎಂಜಿನ್ ಹತ್ತದಿದ್ದಾಗ ಬಹಳಷ್ಟು ಮಂದಿ ಮೊದಲು ಕೊಳ್ಳುವುದು ಹೊಸ ಇಗ್ನಿಷನ್ ಕಾಯಿಲನ್ನು, ಅಂದರೆ ಬ್ಯಾಟರಿಯ ವೋಲ್ಟನ್ನು ಕಿಡಿ ಹಾರಿಸುವಷ್ಟು ಏರಿಸುವ ಭಾಗವನ್ನು. ವಾಸ್ತವದಲ್ಲಿ ಕಾಯಿಲು ಎಲ್ಲಕ್ಕಿಂತ ಕೊನೆಗೆ ಅನುಮಾನಿಸಬೇಕಾದ ಭಾಗ. ಡೈನಮೊ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಮತ್ತು ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್ಚು) ಇರುವ ಈ 250 ಸಿಸಿ ಗಾಡಿಗಳ ಬ್ಯಾಟರಿ ಬರೀ 6 ವೋಲ್ಟಿನದು. ಸ್ವಿಚ್ಚಿನಲ್ಲೋ ಅರ್ತ್ ವೈರಿನಲ್ಲೋ ಅರ್ಧ ವೋಲ್ಟ್ ಸೋರಿದರೆ 12 ವೋಲ್ಟಿನ ಗಾಡಿ ಶೇ 4ರಷ್ಟು ಬಲ ಕಳೆದುಕೊಂಡು ಹೇಗೋ ಹತ್ತಿಬಿಡುತ್ತದೆ. ಇಲ್ಲಿ ಅದೇ ಅರ್ಧ ವೋಲ್ಟ್ ಎಂದರೆ ಶೇ 8ಕ್ಕಿಂತ ಹೆಚ್ಚು. ಆದ್ದರಿಂದ ಭಾಗ ಬದಲಿಸುವ ಮೊದಲು ತುಕ್ಕು, ಎಣ್ಣೆ, ಸಡಿಲ ಜೋಡಣೆಗಳನ್ನು ಪ್ಲಗ್ಗಿನಿಂದ ಹಿಂದಕ್ಕೆ ಒಂದೊಂದಾಗಿ ನೋಡುತ್ತ ಹೋಗಬೇಕು.

ಇದಕ್ಕೆ ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, ರಬ್ಬರ್ ಹಿಡಿಯ ಇಕ್ಕಳ, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ನುಣುಪು ಎಮರಿ ಪೇಪರ್ ಮತ್ತು ಎರಡು ವೈರು ಬೆಸೆದ 6 ವೋಲ್ಟಿನ ಸಣ್ಣ ಬಲ್ಬು ಸಾಕು.

ನಾಲ್ಕೈದು ಕಿಕ್ ಹೊಡೆದ ನಂತರ ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ, ಟ್ಯಾಂಕಿನ ಕಾಕ್ ಮತ್ತು ಕಾರ್ಬುರೇಟರ್ ಕಡೆ ಗಮನ ಕೊಡಬೇಕು. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಹೇಳುವುದಾದರೆ ‘ಪ್ಲಗ್ಗಿಗೆ ಕರೆಂಟ್ ಬರುತ್ತಿಲ್ಲ’. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ಲಗ್ ತುದಿಗೆ ಜಿಡ್ಡು ಮೆತ್ತುವುದು ಸಹಜವಾದ್ದರಿಂದ ಅದನ್ನು ಒರೆಸಿ, ಒಣಗಿಸಿ, ಗ್ಯಾಪ್ 0.6 ಮಿ.ಮೀ. ಆಸುಪಾಸಿನಲ್ಲಿದೆಯೇ ಎಂದು ನೋಡಿ. ನಂತರ ವೈರಿನ ತುದಿಯ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಭಾಗವನ್ನು ಸಿಲಿಂಡರ್ ಹೆಡ್ಡಿಗೆ ಚೆನ್ನಾಗಿ ತಾಗುವಂತೆ ಮಲಗಿಸಿ ಕಿಕ್ ಹೊಡೆಯಿರಿ. ಪ್ಲಗ್ ರಂಧ್ರದಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆಯಾದ್ದರಿಂದ ಕಿಡಿ ಅದರ ಬಾಯಿಯಿಂದ ದೂರವಿರಬೇಕು. ಚಟ್ ಎಂದು ಸದ್ದಾಗುವ ನೀಲಿ ಕಿಡಿ ಬಂದರೆ ಒಳ್ಳೆಯದು. ಹಳದಿಯಾಗಿ ಬಡಕಲಾಗಿ ಬಂದರೆ ಒಳಗಿನ ಒತ್ತಡದಲ್ಲಿ ಅದು ಹುಟ್ಟಲಾರದು. ಸಂಶಯವಿದ್ದಲ್ಲಿ ಹೊಸ ಪ್ಲಗ್ ಹಾಕಿ ನೋಡುವುದೇ ಜಾಣತನ, ಏಕೆಂದರೆ ಇಡೀ ವ್ಯವಸ್ಥೆಯಲ್ಲಿ ಅಷ್ಟು ಅಗ್ಗದ ಭಾಗ ಬೇರೊಂದಿಲ್ಲ.

ಹೊಸ ಪ್ಲಗ್ಗಿಗೂ ಕಿಡಿ ಬಾರದಿದ್ದರೆ ಕ್ಯಾಪನ್ನು ತಿರುಗಿಸಿ ಬಿಚ್ಚಿ, ಕಾಯಿಲಿನಿಂದ ಬರುವ ದಪ್ಪ ವೈರಿನ ತುದಿಯನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಎಂಜಿನ್ನಿನಿಂದ ಐದಾರು ಮಿ.ಮೀ. ದೂರದಲ್ಲಿಟ್ಟು ಕಿಕ್ ಹೊಡೆಯಬೇಕು. ಈಗ ಕಿಡಿ ಹಾರಿದರೆ ದೋಷ ಕ್ಯಾಪಿನದು. ಮಳೆಗಾಲದಲ್ಲಿ ಮಾತ್ರ ಕೈಕೊಡುವ ಗಾಡಿಯಾದರೆ ಕತ್ತಲಲ್ಲಿ ನಿಲ್ಲಿಸಿ, ಕಿಕ್ ಹೊಡೆಯುತ್ತ ಈ ವೈರಿನ ಉದ್ದಕ್ಕೂ ಕಣ್ಣಾಡಿಸಿ. ಬಿರುಕಿದ್ದಲ್ಲಿ ಕಿಡಿ ಹೊರಗೆ ಹಾರುವುದು ಕಾಣಿಸುತ್ತದೆ.

ಮುಂದಿನದು ಬ್ಯಾಟರಿ. ಕೀ ತಿರುಗಿಸಿದಾಗ ಕೆಂಪು ಚಾರ್ಜಿಂಗ್ ದೀಪ ಹತ್ತದಿದ್ದರೆ ಫ್ಯೂಸ್, ಬ್ಯಾಟರಿಯ ತುದಿಗಳು ಮತ್ತು ಫ್ರೇಮಿಗೆ ಹೋಗುವ ಅರ್ತ್ ವೈರನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿಯಬೇಕು. ಹೊಸದಾಗಿ ಪೇಂಟ್ ಮಾಡಿಸಿದ ಗಾಡಿಗಳಲ್ಲಿ ಅರ್ತ್ ಬೋಲ್ಟಿನ ಕೆಳಗೂ ಬಣ್ಣ ಕೂತು ಕರೆಂಟಿಗೆ ದಾರಿಯೇ ಇಲ್ಲದಂತಾಗಿರುತ್ತದೆ. ಇನ್ನು ಕೀ ಎಂದರೆ ಇಲ್ಲಿ ಮೊಳೆಯಂಥ ಒಂದು ಕಡ್ಡಿ ಅಷ್ಟೆ. ಅದು ಕೂರುವ ಸ್ವಿಚ್ಚಿನ ಹಿತ್ತಾಳೆ ಪಟ್ಟಿಗಳು ಸವೆದಿದ್ದರೆ ದೀಪ ಹತ್ತಿದರೂ ಕಾಯಿಲಿಗೆ ಬೇಕಾದಷ್ಟು ಕರೆಂಟ್ ಹರಿಯದು. ಬ್ಯಾಟರಿ 6 ವೋಲ್ಟಿಗಿಂತ ಕೆಳಗಿದ್ದರೆ ಚಾರ್ಜ್ ಮಾಡಿಸದೆ ಮುಂದಿನ ಪರೀಕ್ಷೆಗೆ ಇಳಿಯುವುದು ವ್ಯರ್ಥ.

ಬಹುಕಾಲ ನಿಂತ ಗಾಡಿಯಲ್ಲಿ ತೊಂದರೆಯ ತವರು ಪಾಯಿಂಟ್. ಎಂಜಿನ್ನಿನ ಬಲಗಡೆಯ ಮುಚ್ಚಳ ತೆಗೆದರೆ ಡೈನಮೊ ಮತ್ತು ಅದರ ಮೇಲೆ ಪಾಯಿಂಟ್ ಕಾಣುತ್ತವೆ. ಒಳಗೆಲ್ಲ ಕಪ್ಪು ಎಣ್ಣೆ ಹರಡಿದ್ದರೆ ಆ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ ಎಂದೇ ತಿಳಿಯಬೇಕು. ಅದನ್ನು ಬದಲಿಸದೆ ಎಷ್ಟು ಸಲ ಒರೆಸಿದರೂ ಪಾಯಿಂಟ್ ಮತ್ತೆ ಕೆಡುತ್ತದೆ. ಎಣ್ಣೆಯಿಲ್ಲದೆ ಸ್ವಚ್ಛವಾಗಿ ಕಾಣುವ ಪಾಯಿಂಟನ್ನೂ ನಂಬುವಂತಿಲ್ಲ, ಏಕೆಂದರೆ ಗಾಳಿಯ ತೇವಕ್ಕೆ ಅದರ ಮುಖದ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿ 6 ವೋಲ್ಟನ್ನು ತಡೆಯುವಷ್ಟಾಗುತ್ತದೆ. ಬಲ್ಬಿನ ಒಂದು ವೈರನ್ನು ಪಾಯಿಂಟಿನ ಟರ್ಮಿನಲ್ಲಿಗೆ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ, ಕೀ ಆನ್ ಮಾಡಿ, ಎಂಜಿನ್ನನ್ನು ನಿಧಾನವಾಗಿ ತಿರುಗಿಸಿ. ಪಾಯಿಂಟ್ ತೆರೆದಾಗ ಬಲ್ಬು ಹತ್ತಬೇಕು, ಮುಚ್ಚಿದಾಗ ಪೂರ್ತಿ ಆರಬೇಕು. ಮುಚ್ಚಿದಾಗಲೂ ಮಂಕಾಗಿ ಉರಿಯುತ್ತಿದ್ದರೆ ಅಥವಾ ಆರುವುದೇ ಇಲ್ಲವಾದರೆ ಆ ಪೊರೆಯೇ ಕಾರಣ: ಎಮರಿ ಪೇಪರಿನಿಂದ ಹಗುರವಾಗಿ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದವನ್ನು ನಡುವೆ ಎಳೆದು ಪುಡಿ ತೆಗೆಯಿರಿ. ಎಂದೂ ಹತ್ತದಿದ್ದರೆ ಕಾಯಿಲಿನಿಂದ ಕರೆಂಟೇ ಬರುತ್ತಿಲ್ಲ, ಇಲ್ಲವೇ ಪಾಯಿಂಟ್ ಕೂರಿಸುವಾಗ ಟರ್ಮಿನಲ್ಲಿನ ಫೈಬರ್ ವಾಷರ್ ಹಿಂದುಮುಂದಾಗಿ ಅದು ಸದಾ ಅರ್ತ್ ಆಗಿದೆ. ಅನುಭವಿಗಳ ಕೈಯಲ್ಲೂ ಈ ವಾಷರ್ ತಪ್ಪುತ್ತದೆ.

ಆಮೇಲೆ ಪಾಯಿಂಟ್ ಅತಿ ಹೆಚ್ಚು ತೆರೆದ ಸ್ಥಾನದಲ್ಲಿ 0.4 ಮಿ.ಮೀ. ಗ್ಯಾಪ್ ಇಟ್ಟು ಬಿಗಿಯಿರಿ. ಪಾಯಿಂಟನ್ನು ತೆರೆಯುವ ಕ್ಯಾಮಿಗೆ ಉಜ್ಜುವ ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ ಪಾಯಿಂಟ್ ತಡವಾಗಿ ತೆರೆಯುವುದರಿಂದ ಟೈಮಿಂಗ್ (ಕಿಡಿ ಹಾರುವ ಕ್ಷಣ) ಕೂಡ ಹಿಂದೆ ಬೀಳುತ್ತದೆ. ಹಾಗಾಗಿ ಗ್ಯಾಪ್ ಮೊದಲು, ಟೈಮಿಂಗ್ ನಂತರ. ಪಿಸ್ಟನ್ ತುತ್ತತುದಿ ಮುಟ್ಟುವುದಕ್ಕೆ ಎಷ್ಟು ಮಿ.ಮೀ. ಮೊದಲು ಪಾಯಿಂಟ್ ತೆರೆಯಬೇಕೆಂಬುದನ್ನು ನಿಮ್ಮ ಮಾದರಿಯ ಕೈಪಿಡಿಯಿಂದ ತೆಗೆದುಕೊಂಡು, ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸುತ್ತ, ಅದೇ ಬಲ್ಬು ಹತ್ತುವ ಕ್ಷಣ ನೋಡಿ ಪಾಯಿಂಟ್ ಕೂತ ಪ್ಲೇಟನ್ನು ಸರಿಸಬೇಕು. ಅಳತೆಗೆ ಡಯಲ್ ಗೇಜ್ ಉತ್ತಮ. ಪ್ಲಗ್ ರಂಧ್ರ ಓರೆಯಾಗಿದ್ದರೆ ಕಡ್ಡಿ ಇಳಿಸಿ ಅಳೆದದ್ದು ಸುಳ್ಳು ಹೇಳುತ್ತದೆ.

ಪಾಯಿಂಟಿನ ನಡುವೆ ದೊಡ್ಡ ಕಿಡಿ ಹಾರುತ್ತಿದ್ದು ಪ್ಲಗ್ಗಿನಲ್ಲಿ ಮಾತ್ರ ಬಡಕಲು ಕಿಡಿ ಬಂದರೆ, ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಎಂಬ ಭಾಗವನ್ನು ಬದಲಿಸಿ. ತಣ್ಣಗಿರುವಾಗ ಹತ್ತಿ, ಬಿಸಿಯಾದೊಡನೆ ನಿಂತು, ಸ್ವಲ್ಪ ಹೊತ್ತು ಆರಿದ ಮೇಲೆ ಮತ್ತೆ ಹತ್ತುವ ಗಾಡಿಯಲ್ಲೂ ಮೊದಲು ಕಂಡೆನ್ಸರ್, ಆಮೇಲಷ್ಟೇ ಕಾಯಿಲ್. ಕಾಯಿಲ್ ಕೊಳ್ಳಲೇಬೇಕಾಗಿ ಬಂದರೆ ಅದು 6 ವೋಲ್ಟಿನದೇ ಆಗಿರಲಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 12 ವೋಲ್ಟಿನದು ಇಲ್ಲಿ ಕಿಡಿಯನ್ನು ಇನ್ನಷ್ಟು ಬಡಕಲು ಮಾಡುತ್ತದೆ. ಪರೀಕ್ಷೆಯ ನಡುವೆ ಕೀ ಆನ್ ಮಾಡಿಟ್ಟು ಎದ್ದುಹೋಗಬೇಡಿ. ಪಾಯಿಂಟ್ ಮುಚ್ಚಿದ ಸ್ಥಾನದಲ್ಲಿದ್ದರೆ ಕಾಯಿಲ್ ಕಾದು ಸುಡುತ್ತದೆ, ಬ್ಯಾಟರಿಯೂ ಬರಿದಾಗುತ್ತದೆ.

ಎಂಜಿನ್ ಹತ್ತಿದ ಮೇಲೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕೆಂಪು ದೀಪದ ಕಡೆ ನೋಡಿ. ಅದು ಆರದಿದ್ದರೆ ಡೈನಮೊ ಚಾರ್ಜ್ ಮಾಡುತ್ತಿಲ್ಲ. ಅದರ ಕಾರ್ಬನ್ ಬ್ರಷ್‌ಗಳನ್ನು ನೋಡಿಸದೆ ದೂರ ಹೊರಟರೆ ಬ್ಯಾಟರಿ ದಾರಿಯಲ್ಲೇ ಖಾಲಿಯಾಗುತ್ತದೆ.