ವೇಟ್‌ಲಿಸ್ಟ್ ಅಂದರೆ ಕ್ಯೂ ಅಲ್ಲ

ಮಾರ್ಚ್ ಕೊನೆಯ ವಾರ. ಅಮೆರಿಕದ ಕಾಲೇಜಿನ ಪೋರ್ಟಲ್ ತೆರೆದರೆ ಸೀಟು ಸಿಕ್ಕಿದೆ ಅಂತಲೂ ಇಲ್ಲ, ಸಿಕ್ಕಿಲ್ಲ ಅಂತಲೂ ಇಲ್ಲ. ವೇಟ್‌ಲಿಸ್ಟ್‌ನಲ್ಲಿ ಇಟ್ಟಿದ್ದೇವೆ ಅಂತ ಇದೆ. ನನ್ನ ಅಕ್ಕನ ಮಗಳಿಗೆ ಹೀಗೇ ಆಯಿತು. ಅವಳು ಕೇಳಿದ ಮೊದಲ ಪ್ರಶ್ನೆ, "ಚಿಕ್ಕಮ್ಮ, ನನ್ನ ನಂಬರ್ ಎಷ್ಟು?"

ಹೆಚ್ಚಿನ ಕಾಲೇಜುಗಳಲ್ಲಿ ನಂಬರೇ ಇರುವುದಿಲ್ಲ. ರೈಲಿನ ವೇಟಿಂಗ್ ಲಿಸ್ಟ್ ನೋಡಿ ಬೆಳೆದ ನಮಗೆ ಇದು ತಲೆಗೆ ಹತ್ತುವುದು ಸ್ವಲ್ಪ ತಡ.

ಲೆಕ್ಕ ಹೀಗೆ. ಒಂದು ಕಾಲೇಜು 1000 ಸೀಟು ತುಂಬಿಸಬೇಕು ಅಂದುಕೊಳ್ಳಿ. ಕರೆದವರೆಲ್ಲ ಬರುವುದಿಲ್ಲ ಅಂತ ಅವರಿಗೂ ಗೊತ್ತು. ನೂರಕ್ಕೆ ನಲವತ್ತು ಮಂದಿ ಬರಬಹುದು ಅಂತ ಅಂದಾಜು ಮಾಡಿ 2500 ಮಂದಿಗೆ ಸೀಟು ಕೊಡುತ್ತಾರೆ. ಬರುತ್ತೇನೆ ಅಂತ ಡೆಪಾಸಿಟ್ ಕಟ್ಟಲು ಸಾಮಾನ್ಯವಾಗಿ ಮೇ 1 ಕೊನೆಯ ದಿನ. ಅಷ್ಟರಲ್ಲಿ 960 ಮಂದಿ ಕಟ್ಟಿದರೆ 40 ಸೀಟು ಖಾಲಿ. 1020 ಮಂದಿ ಕಟ್ಟಿಬಿಟ್ಟರೆ? ಆ ವರ್ಷ ಪಟ್ಟಿಯಿಂದ ಒಬ್ಬರನ್ನೂ ಕರೆಯುವುದಿಲ್ಲ.

ಆ 40 ಸೀಟನ್ನೂ ಸಾಲಾಗಿ ತುಂಬುವುದಿಲ್ಲ. ಎಂಜಿನಿಯರಿಂಗ್‌ಗೆ ಜನ ಜಾಸ್ತಿಯಾಗಿ ಇತಿಹಾಸಕ್ಕೆ ಕಡಿಮೆ ಬಿದ್ದಿದ್ದರೆ ಇತಿಹಾಸದವರನ್ನೇ ಹುಡುಕುತ್ತಾರೆ. ಆರ್ಕೆಸ್ಟ್ರಾಗೆ ಪಿಟೀಲಿನವರು ಸಾಲದಿದ್ದರೆ ಅದೂ ಲೆಕ್ಕಕ್ಕೆ ಬರಬಹುದು. ಅವರಿಗೆ ಏನು ಕಡಿಮೆ ಬಿತ್ತು ಅನ್ನುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಕೆಲವೇ ಕೆಲಸ.

ಮೊದಲು ಪೋರ್ಟಲ್, ಆಮೇಲೆ ಬೇರೆ ಸೀಟು

ಪಟ್ಟಿಯಲ್ಲಿ ಹೆಸರು ತಾನಾಗಿಯೇ ಉಳಿಯುತ್ತದೆ ಅಂದುಕೊಳ್ಳಬೇಡಿ. 'ಪಟ್ಟಿಯಲ್ಲಿ ಇರುತ್ತೇನೆ' ಅಂತ ನೀವೇ ಒಪ್ಪಿಗೆ ಕೊಡಬೇಕು, ಅದಕ್ಕೂ ಕೊನೆಯ ದಿನ ಇರುತ್ತದೆ. ಅಲ್ಲೇ ಸೂಚನೆಯನ್ನು ಪೂರ್ತಿ ಓದಿ. ಕೆಲವರು ಪತ್ರ ಕಳಿಸಿ ಅನ್ನುತ್ತಾರೆ, ಕೆಲವರು ಒಂದು ಫಾರ್ಮ್ ಕೊಡುತ್ತಾರೆ, ಇನ್ನು ಕೆಲವರು ಏನೂ ಕಳಿಸಬೇಡಿ ಅಂತ ಸ್ಪಷ್ಟವಾಗಿ ಬರೆದಿರುತ್ತಾರೆ. ಬೇಡ ಅಂದ ಕಡೆ ಕಳಿಸಿದರೆ ಓದಲು ಬಾರದವರು ಅಂತ ತೋರಿಸಿಕೊಂಡ ಹಾಗೆ, ಅಷ್ಟೆ.

ನನ್ನ ಪ್ರಕಾರ ಇಡೀ ಕಥೆಯಲ್ಲಿ ಮುಖ್ಯವಾದದ್ದು ಎರಡನೆಯ ಕೆಲಸ. ಸೀಟು ಕೊಟ್ಟ ಕಾಲೇಜುಗಳಲ್ಲಿ ಒಂದನ್ನು ಆರಿಸಿ ಮೇ 1ರೊಳಗೆ ಡೆಪಾಸಿಟ್ ಕಟ್ಟಿ. ಸಾಮಾನ್ಯವಾಗಿ ಕೆಲವು ನೂರು ಡಾಲರ್. ಆಮೇಲೆ ಬೇಡ ಅಂದರೆ ಬಹುತೇಕ ಕಡೆ ವಾಪಸ್ ಬರುವುದಿಲ್ಲ. ಹೋದರೆ ಹೋಗಲಿ, ಕೈಯಲ್ಲೊಂದು ಸೀಟು ಇರಬೇಕು. ಒಂದು ಕಡೆ ಡೆಪಾಸಿಟ್ ಕಟ್ಟಿ ಇನ್ನೊಂದು ಕಡೆ ವೇಟ್‌ಲಿಸ್ಟ್‌ನಲ್ಲಿ ಇರುವುದು ತಪ್ಪಲ್ಲ. ಎರಡು ಕಾಲೇಜಿಗೆ ಡೆಪಾಸಿಟ್ ಕಟ್ಟುವುದು ತಪ್ಪು. ಗೊತ್ತಾದರೆ ಎರಡೂ ಸೀಟು ಹೋಗಬಹುದು.

ಹಳೆಯ ಅಂಕಿ ನೋಡಿ

ಕಾಲೇಜಿನ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' ಅಂತ ಹುಡುಕಿ. ಅದು ಕಾಲೇಜಿನ ಅಡ್ಮಿಷನ್ ಮುಂತಾದ ಅಂಕಿಅಂಶಗಳ ದಾಖಲೆ, ಹೆಚ್ಚಿನ ಕಾಲೇಜುಗಳು ಇದನ್ನು ಪ್ರತಿ ವರ್ಷ ಹಾಕುತ್ತವೆ. ಅದರಲ್ಲಿ ಸಿ2 ಅನ್ನುವ ಭಾಗಕ್ಕೆ ಹೋಗಿ. ಎಷ್ಟು ಮಂದಿಯನ್ನು ವೇಟ್‌ಲಿಸ್ಟ್‌ಗೆ ಹಾಕಿದರು, ಎಷ್ಟು ಮಂದಿ ಒಪ್ಪಿದರು, ಕೊನೆಗೆ ಎಷ್ಟು ಮಂದಿಗೆ ಸೀಟು ಕೊಟ್ಟರು ಅಂತ ಮೂರು ಅಂಕಿ ಇರುತ್ತವೆ. ಎರಡನೆಯದರಲ್ಲಿ ಮೂರನೆಯದು ಎಷ್ಟು ಭಾಗ ಅಂತ ನೋಡಿ. ಒಂದೇ ವರ್ಷ ನೋಡಿ ಕುಣಿಯಬೇಡಿ, ಅಳಲೂಬೇಡಿ. ನಾಲ್ಕೈದು ವರ್ಷ ನೋಡಿ. 2020ನ್ನು ಬಿಟ್ಟುಬಿಡಿ. ಆ ವರ್ಷ ಕೋವಿಡ್‌ನಿಂದ ಎಷ್ಟೋ ಕಾಲೇಜುಗಳು ಗಡುವನ್ನೇ ಜೂನ್ 1ಕ್ಕೆ ತಳ್ಳಿದ್ದವು, ಪಟ್ಟಿಯಿಂದಲೂ ಧಾರಾಳವಾಗಿ ಕರೆದಿದ್ದವು.

ಒಂದೇ ಪತ್ರ, ಒಂದೇ ಪುಟ

ಪತ್ರ ಬರೆಯಬಹುದು ಅಂದಿದ್ದರೆ ಒಂದೆರಡು ವಾರದೊಳಗೆ ಬರೆಯಿರಿ. ಅಕ್ಕನ ಮಗಳು ಮೊದಲು ಬರೆದದ್ದು ಹೀಗಿತ್ತು: "ಚಿಕ್ಕಂದಿನಿಂದ ನಿಮ್ಮ ಕಾಲೇಜಿನದೇ ಕನಸು." ಚಿಕ್ಕಂದಿನಲ್ಲಿ ಅವಳಿಗೆ ಆ ಕಾಲೇಜಿನ ಹೆಸರೇ ಗೊತ್ತಿರಲಿಲ್ಲ! ಕನಸು ಎಲ್ಲರೂ ಬರೆಯುತ್ತಾರೆ. ಅರ್ಜಿ ಹಾಕಿದ ಮೇಲೆ ಏನು ಹೊಸದಾಯಿತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಆಮೇಲೆ ಬರೆದಳು: "ಜನವರಿಯಲ್ಲಿ ಅರ್ಜಿ ಹಾಕುವಾಗ ನಮ್ಮ ಕೆರೆಯ ನೀರಿನ ಪರೀಕ್ಷೆ ಆಗಷ್ಟೇ ಶುರುವಾಗಿತ್ತು. ಈಗ 14 ವಾರದ ಅಳತೆ ನನ್ನ ಬಳಿ ಇದೆ. ಬಿಸಿಲು ಏರಿದ ಹಾಗೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತಿದೆ." ಅದರ ಕೆಳಗೆ ಆ ಕಾಲೇಜಿನ ಯಾವ ವಿಭಾಗದಲ್ಲಿ ಇದನ್ನು ಮುಂದುವರಿಸುತ್ತಾಳೆ ಅಂತ ಎರಡು ಸಾಲು.

ಇಷ್ಟು ಸಾಕು. ಸೀಟು ಕೊಟ್ಟರೆ ಖಂಡಿತ ಬರುತ್ತೇನೆ ಅನ್ನುವ ಮಾತು ನಿಜವಾಗಿದ್ದರೆ ಅದನ್ನು ನೇರವಾಗಿ ಬರೆಯಿರಿ. ಕರೆದವರು ಬರುತ್ತಾರೋ ಇಲ್ಲವೋ ಅನ್ನುವುದೇ ಮೇ ತಿಂಗಳಲ್ಲಿ ಅವರ ತಲೆನೋವು. ಆದರೆ ಇದೇ ಮಾತನ್ನು ಮೂರು ಕಾಲೇಜಿಗೆ ಬರೆಯಬೇಡಿ. ಬೇರೆಯವರಿಗೆ ಸಿಕ್ಕಿತು ನನಗೆ ಸಿಗಲಿಲ್ಲ ಅನ್ನುವ ಗೋಳು ಬೇಡ, ಅರ್ಜಿಯಲ್ಲಿ ಆಗಲೇ ಹೇಳಿದ್ದೂ ಬೇಡ.

ಸ್ಕೂಲಿನ ಕೌನ್ಸೆಲರ್‌ಗೆ ವಿಷಯ ಹೇಳಿ, ಹೊಸ ಅಂಕಪಟ್ಟಿ ಬಂದಿದ್ದರೆ ಕಳಿಸಲು ಕೇಳಿ. ಕೊನೆಯ ತಿಂಗಳ ಓದು ಸಡಿಲ ಮಾಡಬೇಡಿ, ಆ ಮಾರ್ಕ್ಸೂ ನೋಡುತ್ತಾರೆ. ಅಪ್ಪ ಅಮ್ಮ ಅಡ್ಮಿಷನ್ ಆಫೀಸಿಗೆ ಫೋನ್ ಮಾಡುವುದು, ಉಡುಗೊರೆ ಕಳಿಸುವುದು, ವಾರಕ್ಕೊಂದು ಮೇಲ್ ಹಾಕುವುದು ಬೇಡವೇ ಬೇಡ.

ದುಡ್ಡಿನ ಮಾತು

ಇದನ್ನು ಜನ ಮರೆತೇಬಿಡುತ್ತಾರೆ. ಅರ್ಜಿ ನೋಡುವಾಗ ನಿಮ್ಮ ಹಣಕಾಸು ನೋಡುವುದಿಲ್ಲ ಅನ್ನುವ ಕಾಲೇಜುಗಳಲ್ಲೂ ಕೆಲವು ವೇಟ್‌ಲಿಸ್ಟ್ ವಿಷಯದಲ್ಲಿ ನೋಡುತ್ತವೆ. ಅಷ್ಟು ಹೊತ್ತಿಗೆ ಸ್ಕಾಲರ್‌ಶಿಪ್ ಹಣ ಖರ್ಚಾಗಿಯೂ ಇರಬಹುದು. ನೆರವು ಸಿಗದಿದ್ದರೆ ಫೀಸು ಕಟ್ಟಲು ಆಗುತ್ತದಾ ಅಂತ ಮನೆಯಲ್ಲಿ ಏಪ್ರಿಲ್‌ನಲ್ಲೇ ಕೂತು ಮಾತಾಡಿಕೊಳ್ಳಿ.

ಯಾಕೆಂದರೆ ಕರೆ ಬಂದ ಮೇಲೆ ಮಾತಾಡಲು ಸಮಯ ಇರುವುದಿಲ್ಲ. ಒಂದು ದಿನ, ಹೆಚ್ಚೆಂದರೆ ಎರಡು ಮೂರು ದಿನದಲ್ಲಿ ಉತ್ತರ ಕೇಳುವುದುಂಟು. ಮೇ, ಜೂನ್‌ನಲ್ಲಿ ಮೇಲ್ ದಿನಾ ನೋಡಿ, ಸ್ಪ್ಯಾಮ್ ಫೋಲ್ಡರ್ ಕೂಡ. ಜುಲೈವರೆಗೂ ಒಬ್ಬಿಬ್ಬರನ್ನು ಕರೆಯುವ ಕಾಲೇಜುಗಳಿವೆ. ಬೇರೆ ದೇಶದಿಂದ ಹೋಗುವವರಿಗೆ ಇನ್ನೊಂದು ತಾಪತ್ರಯ: ಹೊಸ ಕಾಲೇಜಿನಿಂದ ಹೊಸ ಐ-20 (ವೀಸಾಗೆ ಬೇಕಾದ, ಕಾಲೇಜು ಕೊಡುವ ದಾಖಲೆ) ಬರಬೇಕು. ಹಳೆಯದರ ಮೇಲೆ ಎಫ್-1 ಅನ್ನುವ ವಿದ್ಯಾರ್ಥಿ ವೀಸಾಗೆ ಅರ್ಜಿ ಹಾಕಿಬಿಟ್ಟಿದ್ದರೆ ಎರಡೂ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಅದೇ ದಿನ ಬರೆಯಿರಿ.

ನಮ್ಮ ಹುಡುಗಿಗೆ ಕರೆ ಬರಲಿಲ್ಲ. ಜೂನ್ ಕೊನೆಯಲ್ಲಿ ಪಟ್ಟಿ ಮುಚ್ಚಿದ್ದೇವೆ ಅಂತ ಮೇಲ್ ಬಂತು. ಅಷ್ಟರಲ್ಲಿ ಅವಳು ಡೆಪಾಸಿಟ್ ಕಟ್ಟಿದ ಕಾಲೇಜಿನ ಹಾಸ್ಟೆಲ್ ಫಾರ್ಮ್ ತುಂಬುತ್ತಿದ್ದಳು, ಮೇಲ್ ಓದಿದ್ದು ಮಾರನೆಯ ದಿನ. ನಿಮಗೆ ಕರೆ ಬಂದು ನೀವು ಒಪ್ಪಿದರೆ, ಮೊದಲು ಡೆಪಾಸಿಟ್ ಕಟ್ಟಿದ ಕಾಲೇಜಿಗೆ ಅವತ್ತೇ ಬರುವುದಿಲ್ಲ ಅಂತ ತಿಳಿಸಿ. ಅವರ ಪಟ್ಟಿಯಲ್ಲೂ ಯಾರೋ ಕಾಯುತ್ತಿರುತ್ತಾರೆ, ಅಲ್ವಾ?