ಗಾಡಿಯ ಎಸಿ ಸೋರುತ್ತಿದೆಯಾ? ನೀರೋ ಗ್ಯಾಸೋ ಮೊದಲು ನೋಡಿ

ಗೋವಾದ ವಾಸ್ಕೋದಲ್ಲಿ ಮಳೆ ಹಿಡಿದ ಮೊದಲ ವಾರ. ಟ್ರಾವೆಲರ್ ಗಾಡಿಯನ್ನೇ ಮೋಟರ್‌ಹೋಮ್ ಮಾಡಿಸಿಕೊಂಡಿದ್ದ ನಾವು ಅದರೊಳಗೇ ಮಲಗಿದ್ದೆವು. ನಡುರಾತ್ರಿ ಹಣೆ ಮೇಲೆ ಟಪ್ ಅಂತ ಒಂದು ಹನಿ. ಹಾಸಿಗೆಯ ಸರಿ ಮೇಲೆ, ಗಾಡಿಯ ಟಾಪ್‌ನಲ್ಲಿ ಕೂರಿಸಿದ ಎಸಿ. ಬೆಳಿಗ್ಗೆ ಎದ್ದವನೇ ನಾನು ಮಾಡಿದ ಮೊದಲ ತಪ್ಪು, ಸಿಲಿಕೋನ್ ಟ್ಯೂಬ್ ತಂದು ಕಂಡಕಂಡಲ್ಲಿ ಮೆತ್ತಿದ್ದು. ಸೋರುವುದು ನಿಲ್ಲಲಿಲ್ಲ, ಎಸಿ ಬಿಚ್ಚುವುದು ಮಾತ್ರ ಎರಡು ಪಟ್ಟು ಕಷ್ಟವಾಯಿತು.

ಎಸಿ ಸೋರುತ್ತಿದೆ ಅಂದರೆ ಎರಡು ಅರ್ಥ. ಒಂದು, ನೀರು ಒಳಗೆ ಬೀಳುತ್ತಿದೆ. ಇನ್ನೊಂದು, ಗ್ಯಾಸ್ ಹೊರಗೆ ಹೋಗುತ್ತಿದೆ. ಮೊದಲನೆಯದನ್ನು ಬಹಳಷ್ಟು ಸಲ ನೀವೇ ಸರಿಮಾಡಬಹುದು. ಎರಡನೆಯದರಲ್ಲಿ ಎಲ್ಲಿ ಸೋರುತ್ತಿದೆ ಅಂತ ಹುಡುಕುವವರೆಗೆ ನಿಮ್ಮ ಕೆಲಸ, ಆಮೇಲೆ ಮೆಕ್ಯಾನಿಕ್‌ದು.

ಹನಿ ಯಾವಾಗ ಬೀಳುತ್ತದೆ?

ಟಾಪ್ ಹತ್ತುವ ಮೊದಲು ಒಂದೆರಡು ದಿನ ಸುಮ್ನೆ ಗಮನಿಸಿ. ಎಸಿ ಆಫ್ ಇದ್ದಾಗ, ಮಳೆಯಲ್ಲಿ ಮಾತ್ರ ಸೋರಿದರೆ ಅದು ಎಸಿ ಕೂತಿರುವ ತೂತಿನ ಗ್ಯಾಸ್ಕೆಟ್ (ನೀರು ಒಳಬರದಂತೆ ಸುತ್ತ ಹಾಕುವ ಮೆತ್ತನೆಯ ಪಟ್ಟಿ) ಸಮಸ್ಯೆ. ಮಳೆ ಇಲ್ಲದ ದಿನ, ಎಸಿ ಓಡುವಾಗ ಸೋರಿದರೆ ಎಸಿ ತಾನೇ ಹಿಂಡಿದ ನೀರು ಹೊರಹೋಗುವ ದಾರಿ ಕಟ್ಟಿದೆ. ಎಸಿ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಒಮ್ಮೆಲೇ ನೀರು ಸುರಿದರೆ ಒಳಗಿನ ಕಾಯಿಲ್ (ಗಾಳಿ ತಂಪಾಗಿಸುವ ಪೈಪಿನ ಸುರುಳಿ) ಮೇಲೆ ಐಸ್ ಕಟ್ಟಿತ್ತು ಅಂತ ಅರ್ಥ. ಆಗ ಮೊದಲು ಫಿಲ್ಟರ್ ತೊಳೆಯಿರಿ, ನನ್ನ ಅನುಭವದಲ್ಲಿ ಅರ್ಧ ಕೇಸು ಅಲ್ಲೇ ಮುಗಿಯುತ್ತದೆ. ಫಿಲ್ಟರ್ ಚೊಕ್ಕ ಇದ್ದೂ ಐಸ್ ಕಟ್ಟಿದರೆ ಗ್ಯಾಸ್ ಕಮ್ಮಿಯಾಗಿರಬಹುದು.

ಗೋವಾದ ಗಾಳಿಯಲ್ಲಿ ತೇವ ಜಾಸ್ತಿ. ಒಂದು ಟನ್ ಎಸಿ ಇಂಥ ಗಾಳಿಯಿಂದ ಗಂಟೆಗೆ ಲೀಟರ್ ಮೀರಿ ನೀರು ಹಿಂಡುತ್ತದೆ. ಧಾರವಾಡದಲ್ಲಿ ಬೇಸಿಗೆಯಿಡೀ ತೊಟ್ಟು ಹಾಕದ ಗಾಡಿ ಘಟ್ಟ ಇಳಿದ ಕೂಡಲೇ ಸೋರತೊಡಗಿದರೆ ಆಶ್ಚರ್ಯ ಬೇಡ.

ಇನ್ನೊಂದು ಸಣ್ಣ ವಿಷಯ. ಎಸಿ ಹಿಂಡಿದ ನೀರು ಅದರ ತಳದ ಟ್ರೇಗೆ ಬಿದ್ದು ತೂತಿನಿಂದ ಹೊರಹೋಗುತ್ತದೆ. ಗಾಡಿ ಓರೆಯಾಗಿ ನಿಂತಿದ್ದರೂ ಟ್ರೇಯ ನೀರು ತೂತಿನ ಕಡೆ ಹೋಗದೆ ಒಳಗೆ ಚೆಲ್ಲುತ್ತದೆ. ಗಾರೆಯವರ ಹತ್ತಿರ ಇರುವಂಥ ಒಂದು ರಸಮಟ್ಟ ಗಾಡಿಯಲ್ಲೇ ಇಟ್ಟುಕೊಳ್ಳಿ.

ನೀರು ಹೊಯ್ದು ನೋಡುವುದು

ಹೊರಗಿನ ಕರೆಂಟಿನ ಪ್ಲಗ್ ಕೀಳಿ. ಇನ್ವರ್ಟರ್, ಜನರೇಟರ್ ಎರಡೂ ಆಫ್ ಇರಲಿ. ಆದರೂ ಎಸಿಯೊಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಅದರ ವೈರ್ ಮುಟ್ಟಬೇಡಿ. ಟಾಪ್ ಒದ್ದೆಯಿದ್ದರೆ ಹತ್ತಲೇಬೇಡಿ.

ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಟ್ರೇಯ ತೂತುಗಳನ್ನು ನೋಡಿ. ಎಲೆ, ಧೂಳು, ಪಾಚಿ, ಕೆಲವು ಸಲ ಕಣಜ ಕಟ್ಟಿದ ಮಣ್ಣಿನ ಗೂಡು ಕೂಡ ಸಿಗುತ್ತದೆ. ಮೆತ್ತಗಿನ ಬ್ರಷ್‌ನಿಂದ ತೆಗೆದು ಒಂದು ಚೊಂಬು ನೀರನ್ನು ನಿಧಾನವಾಗಿ ಟ್ರೇಗೆ ಹೊಯ್ಯಿರಿ. ನೀರೆಲ್ಲ ಟಾಪ್ ಮೇಲೆ ಹರಿದುಹೋದರೆ ಟ್ರೇ ಸರಿಯಿದೆ.

ಈಗ ಗ್ಯಾಸ್ಕೆಟ್ ಸರದಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಮೇಲಿದ್ದವರು ಎಸಿಯ ಬುಡದ ಸುತ್ತ ಒಂದೊಂದೇ ಬದಿಗೆ, ಕೆಳಗಿನ ಮಗ್ಗುಲಿಂದ ಶುರುಮಾಡಿ, ನೀರು ಬಿಡಲಿ. ಒಂದೊಂದು ಬದಿಗೂ ಐದು ನಿಮಿಷ ಕೊಡಿ. ನಾಲ್ಕೂ ಕಡೆ ಒಟ್ಟಿಗೆ ಹೊಯ್ದರೆ ಏನೂ ಗೊತ್ತಾಗುವುದಿಲ್ಲ.

ಟಾಪ್ ಎಸಿಗಳಲ್ಲಿ ಹೆಚ್ಚಿನವು 14 ಇಂಚು ಚೌಕದ ತೂತಿನ ಮೇಲೆ ಕೂರುತ್ತವೆ. ಅವನ್ನು ಒಳಗಿನಿಂದ ನಾಲ್ಕು ಉದ್ದ ಬೋಲ್ಟ್ ಬಿಗಿಹಿಡಿದಿರುತ್ತವೆ. ರಸ್ತೆಯ ಕುಲುಕಾಟಕ್ಕೆ ಇವು ಸಡಿಲಾಗುತ್ತವೆ. ಒಂದಾದ ಮೇಲೆ ಅದರ ಎದುರು ಮೂಲೆಯದು ಅನ್ನುವ ಹಾಗೆ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಗ್ಯಾಸ್ಕೆಟ್ ಸುಮಾರು ಅರ್ಧಕ್ಕೆ ಒತ್ತಿದರೆ ಸಾಕು. ಜೋರು ತೋರಿಸಿದರೆ ಟಾಪ್ ಬಾಗುತ್ತದೆ, ಸೋರುವುದು ಇನ್ನೂ ಹೆಚ್ಚುತ್ತದೆ. ಗ್ಯಾಸ್ಕೆಟ್ ಈಗಾಗಲೇ ಹಪ್ಪಳದಂತೆ ಚಪ್ಪಟೆಯಾಗಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ, ಹೊಸದು ಹಾಕಿ. ಎಸಿ ಎತ್ತಲು ಇಬ್ಬರು ಬೇಕು. ಹೊಸ ಗ್ಯಾಸ್ಕೆಟ್ ಕೆಳಗೆ ಸಿಲಿಕೋನ್ ಬೇಡ, ನನ್ನ ಕಥೆ ಕೇಳಿದಿರಲ್ಲ.

ಇನ್ನು ಡ್ರೈವರ್ ಮುಂದಿನ, ಎಂಜಿನ್‌ನಿಂದ ಓಡುವ ಡ್ಯಾಶ್‌ಬೋರ್ಡ್ ಎಸಿ. ಅದರಿಂದ ಗಾಡಿಯ ಕೆಳಗೆ ನೀರು ಹನಿಯುವುದು ಒಳ್ಳೆಯ ಲಕ್ಷಣ. ಅದು ನಿಂತು ಕಾಲಡಿಯ ಮ್ಯಾಟ್ ಒದ್ದೆಯಾದಾಗ ಡ್ರೈನ್ ಪೈಪ್ ನೋಡಿ.

ಗ್ಯಾಸ್ ಹೋಗುತ್ತಿದ್ದರೆ

ನನ್ನ ಡ್ಯಾಶ್‌ಬೋರ್ಡ್ ಎಸಿ ತಂಪು ಬಿಟ್ಟಾಗ ಒಂದು ಅಂಗಡಿಯವರು ಗ್ಯಾಸ್ ತುಂಬಿಕೊಟ್ಟರು. ಎರಡು ತಿಂಗಳಿಗೆ ಮತ್ತೆ ಖಾಲಿ, ಮತ್ತೆ ತುಂಬಿದರು. ಮೂರನೇ ಸಲ ವಾಸ್ಕೋದಲ್ಲೇ ಇರುವ ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ನಕ್ಕು, ‘ಖರ್ಚಾಗಾಕ ಇದೇನ್ ಪೆಟ್ರೋಲ್ ಏನ್ರಿ ಸರ?’ ಅಂದರು.

ಮಾತು ನಿಜ. ಎಸಿ ಗ್ಯಾಸ್ ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ, ಉರಿದು ಮುಗಿಯುವುದಿಲ್ಲ. ಕಮ್ಮಿಯಾಗಿದೆ ಅಂದರೆ ಎಲ್ಲೋ ತೂತಿದೆ. ಅದನ್ನು ಹುಡುಕದೆ ತುಂಬಿಸುವುದು ಸೋರುವ ಕೊಡಕ್ಕೆ ನೀರು ಹಾಕಿದಂತೆ.

ಹುಡುಕಲು ಮೊದಲು ಎಣ್ಣೆ ಕಲೆ ನೋಡಿ. ಕಂಪ್ರೆಸರ್ ಎಣ್ಣೆ ಗ್ಯಾಸ್ ಜೊತೆಗೇ ಹರಿಯುವುದರಿಂದ ತೂತಿನ ಸುತ್ತ ಜಿಡ್ಡು ಧೂಳು ಅಂಟಿರುತ್ತದೆ. ಪೈಪ್ ಜಾಯಿಂಟ್, ಗ್ಯಾಸ್ ತುಂಬುವ ವಾಲ್ವ್, ಬಿಸಿ ಹೊರಬಿಡುವ ಕಂಡೆನ್ಸರ್ ಜಾಲರಿಯ ಮೂಲೆಗಳು ಮುಖ್ಯ. ಸಮುದ್ರದ ಉಪ್ಪುಗಾಳಿ ಅಲ್ಯೂಮಿನಿಯಂ ಕಂಡೆನ್ಸರ್ ತಿನ್ನುತ್ತದೆ, ಬಿಳಿ ಪುಡಿ ಕಂಡ ಜಾಗವನ್ನು ಬಿಡಬೇಡಿ. ಮನೆಯ ಸ್ಪ್ಲಿಟ್ ಎಸಿಯನ್ನೇ ಗಾಡಿಗೆ ಹಾಕಿಸಿದ್ದರೆ ತಾಮ್ರದ ಪೈಪಿನ ಫ್ಲೇರ್ ನಟ್ (ಪೈಪಿನ ಅಗಲಿಸಿದ ತುದಿಯನ್ನು ಬಿಗಿಹಿಡಿಯುವ ನಟ್) ಮೇಲೆ ಮೊದಲ ಅನುಮಾನ. ಗೋಡೆ ಮೇಲೆ ಅಲುಗಾಡದೆ ಇರಬೇಕಾದ ಜಾಯಿಂಟ್ ಅದು, ರಸ್ತೆಯ ನಡುಕ ತಾಳುವುದಿಲ್ಲ.

ಆಮೇಲೆ ಸೋಪಿನ ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ನೀರಿಗೆ ಬೆರೆಸಿ, ಎಂಜಿನ್ ಮತ್ತು ಎಸಿ ಎರಡೂ ನಿಲ್ಲಿಸಿ, ಬ್ರಷ್‌ನಲ್ಲಿ ಹಚ್ಚಿ. ಎಸಿ ಓಡುವಾಗ ವಾಪಸ್ ಬರುವ ಪೈಪಿನಲ್ಲಿ ಒತ್ತಡ ಇಳಿದಿರುತ್ತದೆ, ನಿಲ್ಲಿಸಿದ ಮೇಲೆ ಏರುತ್ತದೆ. ಗುಳ್ಳೆ ಬರಲು ತಾಳ್ಮೆಯಿಂದ ಕಾಯಬೇಕು. ಡ್ಯಾಶ್ ಒಳಗಿನ ಕೂಲಿಂಗ್ ಕಾಯಿಲ್‌ಗೆ ಬ್ರಷ್ ಮುಟ್ಟುವುದಿಲ್ಲ. ಅದಕ್ಕೆ ಮೆಕ್ಯಾನಿಕ್‌ಗಳು ಎಣ್ಣೆಯಲ್ಲಿ ಯುವಿ ಡೈ (ಯುವಿ ಬೆಳಕಿಗೆ ಹೊಳೆಯುವ ಬಣ್ಣ) ಹಾಕಿ, ಡ್ರೈನ್ ಪೈಪಿನ ತುದಿಯಲ್ಲಿ ಯುವಿ ಟಾರ್ಚ್ ಬಿಟ್ಟು ನೋಡುತ್ತಾರೆ.

ಜಾಯಿಂಟ್ ಬಿಚ್ಚುವ ಕೆಲಸ ನಿಮಗೆ ಬೇಡ. 30 ಡಿಗ್ರಿ ಬಿಸಿಯಲ್ಲಿ ಸುಮ್ಮನೆ ನಿಂತ, ಡ್ಯಾಶ್‌ಬೋರ್ಡ್ ಎಸಿಯ ಆರ್-134ಎ ಗ್ಯಾಸ್ ಒತ್ತಡವೇ ಸುಮಾರು 97 ಪಿಎಸ್ಐ, ಸ್ಪ್ಲಿಟ್ ಎಸಿಯ ಆರ್-32 ಆದರೆ 250 ದಾಟುತ್ತದೆ. ಆರ್-32ಗೆ ಬೆಂಕಿಯೂ ಹತ್ತಬಹುದು. ಆದರೆ ಪಕ್ಕದಲ್ಲಿ ನಿಂತು ಕೆಲಸ ನೋಡಬಹುದು ಅಲ್ವಾ? ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಮಷಿನ್‌ಗೆ ಎಳೆದುಕೊಳ್ಳಬೇಕು. ಜಾಯಿಂಟಿನ ಒ-ರಿಂಗ್ (ರಬ್ಬರ್ ಬಳೆ) ಹೊಸದಿರಲಿ, ಡ್ಯಾಶ್‌ಬೋರ್ಡ್ ಎಸಿಯಾದರೆ ತೇವ ಹೀರುವ ಡ್ರೈಯರ್ ಕೂಡ. ಇನ್ನೂ ಸೋರುತ್ತಿದೆಯಾ ಅಂತ ಪರೀಕ್ಷಿಸಲು ಪೈಪಿಗೆ ನೈಟ್ರೋಜನ್ ತುಂಬಬೇಕು. ಆಕ್ಸಿಜನ್ ಸಿಲಿಂಡರ್ ತಂದರೆ ಅಲ್ಲಿಂದ ದೂರ ಸರಿಯಿರಿ, ಎಣ್ಣೆ ಜೊತೆ ಸೇರಿ ಸಿಡಿಯಬಹುದು. ಒತ್ತಡ ಇಳಿಯದೆ ನಿಂತರೆ ವ್ಯಾಕ್ಯೂಮ್ ಮಾಡಿ (ಒಳಗಿನ ಗಾಳಿ, ತೇವ ಎಳೆದುಹಾಕಿ), ಎಸಿಯ ಸ್ಟಿಕ್ಕರ್ ಮೇಲೆ ಬರೆದಷ್ಟೇ ಗ್ರಾಂ ಗ್ಯಾಸ್ ತೂಕಮಾಡಿ ಹಾಕಬೇಕು. ಕೈಗೆ ತಂಪು ಹತ್ತುವ ತನಕ ಹಾಕುವುದು ಲೆಕ್ಕವಲ್ಲ.

ನನ್ನ ಗಾಡಿಯಲ್ಲಿ ಹೋಗಿದ್ದು ಒಂದು ಒ-ರಿಂಗ್. ಹಾಕಿಸಿದ ಮೇಲೆ ಕಾರವಾರದವರೆಗೆ ಒಂದು ಸುತ್ತು ಹೋಗಿ ಬಂದು, ಗಾಡಿ ಚೆನ್ನಾಗಿ ಕುಲುಕಿದ ಮೇಲೆ, ಅದೇ ಜಾಯಿಂಟಿಗೆ ಮತ್ತೆ ಸೋಪಿನ ನೀರು ಹಚ್ಚಿದೆ. ಗುಳ್ಳೆ ಬರಲಿಲ್ಲ.