ಮೇಷ್ಟ್ರಿಗೆ ಸನ್ಮಾನ ಮಾಡುವುದಾದರೆ

ನಾನು ತಿಪಟೂರು ಕಡೆಯ ಒಂದು ಊರಿನ ಗ್ರಂಥಾಲಯದ ಮೇಲ್ವಿಚಾರಕ. ಊರಿನಲ್ಲಿ ಯಾರಿಗೆ ಸನ್ಮಾನವಾದರೂ ಕುರ್ಚಿ ಎಣಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಮೊದಲ ಸಲ ಕೆಟ್ಟದಾಗಿ ಮಾಡಿದೆ. ವೇದಿಕೆಯ ಮೇಲೆ ಹನ್ನೊಂದು ಜನ. ಸನ್ಮಾನಿತರ ಕೈಗೆ ಮೈಕು ಬರುವಷ್ಟರಲ್ಲಿ ಸಭಿಕರೆಲ್ಲ ಊಟದ ಪಂಕ್ತಿಯಲ್ಲಿದ್ದರು. ಅಕ್ಷರ ಕಲಿಸಿದವರಿಗೆ ಕೊಟ್ಟ ಸ್ಮರಣಿಕೆಯಲ್ಲಿ ‘ಸಾಕ್ಷಾರತೆ’ ಎಂದು ಕೆತ್ತಿಸಿದ್ದೆವು. ಅದು ಇಂದಿಗೂ ಅವರ ಮನೆಯ ಗಾಜಿನ ಕಪಾಟಿನಿಂದ ನನ್ನನ್ನು ನೋಡುತ್ತದೆ. 2025ರಲ್ಲಿ ಇನ್ನೊಬ್ಬ ಮೇಷ್ಟ್ರಿಗೆ ಮಾಡಿದ್ದು ತಕ್ಕಮಟ್ಟಿಗೆ ಸರಿಹೋಯಿತು. ಆ ಲೆಕ್ಕ ಇದು.

ಮೊದಲು ಅವರ ಮನೆಗೆ ಹೋಗಿ ಕೇಳಿ. ಗುಟ್ಟಾಗಿ ಮಾಡಿ ಬೆರಗುಗೊಳಿಸುವ ಆಸೆ ಬಿಡಿ. ಎಪ್ಪತ್ತು ದಾಟಿದವರಿಗೆ ಮಂಡಿನೋವು ಇರುತ್ತದೆ, ಮಾತ್ರೆಯ ಹೊತ್ತು ಇರುತ್ತದೆ. ನಮ್ಮ ಮೇಷ್ಟ್ರು ಸಾಕ್ಷರತಾ ಆಂದೋಲನದ ಕಾಲದಲ್ಲಿ ಲಾಟೀನು ಹಿಡಿದು ರಾತ್ರಿ ಪಾಠ ಮಾಡಿದವರು, ನಿವೃತ್ತಿಯ ನಂತರ ಪಂಚಾಯಿತಿ ಅಧ್ಯಕ್ಷರೂ ಆಗಿದ್ದವರು. ಪೇಟ ಬೇಡ, ಹಮ್ಮಿಣಿ ಬೇಡ ಎಂದರು. ಯಾರನ್ನು ಕರೆಯೋಣ ಎಂದಾಗ ಅವರಿಗೆ ನೆನಪಾದದ್ದು ನಾಲ್ಕೇ ಹೆಸರು. ಒಳಗಿನಿಂದ ಅವರ ಮನೆಯವರು ಬಂದು ಕುಳಿತು ಇಪ್ಪತ್ತಾರು ಹೆಸರು ಹೇಳಿದರು. ಪಾಠಕ್ಕೆ ಬಂದವರಿಗೆಲ್ಲ ಕಾಫಿ ಕಾಯಿಸಿಕೊಟ್ಟವರು ಅವರಲ್ಲವೇ! ಪಟ್ಟಿ ಬೇಕಾದರೆ ಅಡುಗೆಮನೆಯ ಕಡೆಗೂ ಒಂದು ಮಾತು ಹಾಕಿ.

ದಿನಾಂಕಕ್ಕೆ ಸೆಪ್ಟೆಂಬರ್ 8, ಅಂತರರಾಷ್ಟ್ರೀಯ ಸಾಕ್ಷರತಾ ದಿನ, ಎಲ್ಲರಿಗೂ ಹೊಳೆಯುತ್ತದೆ. ಕ್ಯಾಲೆಂಡರ್ ತೆರೆದರೆ ಆ ವರ್ಷ ಅಂದೇ ಪಿತೃಪಕ್ಷ ಶುರು. ಹಿಂದಿನ ದಿನ ಭಾನುವಾರವಾಗಿತ್ತು, ಆದರೆ ಚಂದ್ರಗ್ರಹಣ. ಮೇಷ್ಟ್ರಿಗೆ ಎರಡರ ಬಗ್ಗೆಯೂ ಅಭ್ಯಂತರವಿರಲಿಲ್ಲ, ಅಡುಗೆ ಭಟ್ಟರಿಗೆ ಇತ್ತು. ಕೊನೆಗೆ ಆಗಸ್ಟ್ 31ರ ಭಾನುವಾರ ಮಾಡಿದೆವು. ಗಣಪತಿ ಪೆಂಡಾಲ್ ಇನ್ನೂ ಬಿಚ್ಚಿರಲಿಲ್ಲವಾದ್ದರಿಂದ ಶಾಮಿಯಾನದ ಬಾಡಿಗೆ ಉಳಿಯಿತು. ಚುನಾವಣೆ ಹತ್ತಿರವಿದ್ದರೆ ನೀತಿ ಸಂಹಿತೆಯನ್ನೂ ವಿಚಾರಿಸಿಕೊಳ್ಳಿ.

ಇನ್ನು ಮುಖ್ಯವಾದ ಕೆಲಸ. ಕೆಲವರು ಅಭಿನಂದನಾ ಗ್ರಂಥ ತರೋಣ ಎಂದರು. ಅಂಥ ಗ್ರಂಥಗಳನ್ನು ನನ್ನ ಕಪಾಟುಗಳಲ್ಲಿ ಧೂಳು ಒರೆಸಿ ಇಡುವವನು ನಾನೇ, ಅದಕ್ಕೇ ಬೇಡವೆಂದೆ. ಬದಲಿಗೆ ಇನ್ನೂರು ಪುಟದ ರಟ್ಟಿನ ಲಾಂಗ್ ನೋಟ್‌ಬುಕ್ ಒಂದನ್ನು ತಂದು, ಮೇಷ್ಟ್ರ ಬಳಿ ಅಕ್ಷರ ಕಲಿತವರ ಮನೆಮನೆಗೆ ಒಯ್ದೆವು. ಒಬ್ಬರಿಗೆ ಒಂದು ಪುಟ. ಅವರ ಕೈಯಿಂದಲೇ ಬರೆಸಬೇಕು; ಮೊಮ್ಮಕ್ಕಳು ಪೆನ್ನು ಕಸಿದುಕೊಳ್ಳಲು ಬರುತ್ತಾರೆ, ಬಿಡಬೇಡಿ. ತಪ್ಪು ತಿದ್ದಬೇಡಿ. ‘ಏನು ಬರೆಯಲಿ?’ ಎಂದು ಕೇಳಿದರೆ ‘ಓದು ಬಂದ ಮೇಲೆ ಮೊದಲು ಏನು ಓದಿದಿರಿ, ಅದನ್ನೇ ಬರೆಯಿರಿ’ ಎನ್ನಿ. ಒಬ್ಬರು ಸೊಸೈಟಿಯ ಸಾಲದ ಚೀಟಿ ಎಂದು ಬರೆದರು. ಇನ್ನೊಬ್ಬರು, ಮಗನ ಲಗ್ನಪತ್ರಿಕೆಯಲ್ಲಿ ತಮ್ಮ ಹೆಸರು ಇಲ್ಲದಿರುವುದು ಓದಿದ ಮೇಲೆಯೇ ಗೊತ್ತಾಯಿತು ಎಂದು ಬರೆದರು. ಇದಕ್ಕೆ ಮೂರು ವಾರ ಹಿಡಿಯಿತು. ಒಂದು ತಿಂಗಳು ಇಟ್ಟುಕೊಳ್ಳಿ.

ಅಕ್ಷರ ಮರೆತವರೂ ಇರುತ್ತಾರೆ. ರೂಢಿ ತಪ್ಪಿದರೆ ಮರೆಯುತ್ತದೆ, ಅದರಲ್ಲಿ ನಾಚಿಕೆಪಡುವುದೇನಿಲ್ಲ. ಅಂಥ ಒಬ್ಬ ಅಜ್ಜಿ ನೋಟ್‌ಬುಕ್ ನೋಡಿ ಒಳಗೆ ಹೋಗಿಬಿಟ್ಟರು. ಎರಡನೆಯ ಸಲ ಹೋದಾಗ, ಬಸ್ಸಿನ ಬೋರ್ಡು ಮಾತ್ರ ಇನ್ನೂ ಓದಬಲ್ಲೆ ಎಂದರು. ಹಾಗಾದರೆ ಅದನ್ನೇ ಬರೆಯಿರಿ ಎಂದೆ. ಪುಟದ ನಡುವೆ ಬೋರ್ಡಿನಷ್ಟೇ ದಪ್ಪ ಅಕ್ಷರದಲ್ಲಿ ‘ತಿಪಟೂರು’ ಎಂದು ಬರೆದರು.

ಬಿನ್ನವತ್ತಳೆ ಬರೆಯುವವರಿಗೆ ಒಂದು ಮಾತು: ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ಯನ್ನು ಯಾರಿಗೆ ಬೇಕಾದರೂ ಓದಬಹುದು. ಅವರು ಮಾಡಿಸಿದ ಕೊಳವೆಬಾವಿ ಎಲ್ಲಿದೆ, ಯಾವ ಓಣಿಯಲ್ಲಿ ಪಾಠ ಮಾಡಿದರು, ಅದನ್ನು ಬರೆಯಿರಿ. ಅಚ್ಚಿಗೆ ಕೊಡುವ ಮೊದಲು ಏಳನೆಯ ತರಗತಿಯ ಮಗುವೊಂದರಿಂದ ಗಟ್ಟಿಯಾಗಿ ಓದಿಸಿ. ‘ಸಾಕ್ಷಾರತೆ’ ಅಲ್ಲೇ ಸಿಕ್ಕಿಬೀಳುತ್ತದೆ.

ಶಾಲು ಒಂದೇ ಸಾಕು. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವೇ ತನ್ನ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಬದಲಿಗೆ ಕನ್ನಡ ಪುಸ್ತಕ ಕೊಡಬಹುದು ಎಂದು ಸುತ್ತೋಲೆ ಹೊರಡಿಸಿತ್ತು. ನಾವೂ ಅದನ್ನೇ ಹಿಡಿದೆವು: ತರುವವರು ಪುಸ್ತಕ ತರಲಿ, ಅದು ಮೇಷ್ಟ್ರ ಹೆಸರಿನಲ್ಲಿ ಗ್ರಂಥಾಲಯಕ್ಕೆ ಸೇರಲಿ. ಬೇಕಾದ ಪುಸ್ತಕಗಳ ಪಟ್ಟಿಯನ್ನು ಮೊದಲೇ ಹಂಚಿ, ಇಲ್ಲದಿದ್ದರೆ ಒಂದೇ ನಿಘಂಟಿನ ಆರು ಪ್ರತಿ ಬರುತ್ತವೆ. ವೇದಿಕೆಯ ಮೇಲೆ ಐದು ಕುರ್ಚಿ, ಅದರಲ್ಲಿ ಒಂದು ಮೇಷ್ಟ್ರ ಮನೆಯವರದು. ಅತಿಥಿಗಳು ತಡವಾದರೆ ಕಾಯಬೇಡಿ. ಪ್ರಾಸ್ತಾವಿಕ ಮುಗಿದ ಕೂಡಲೇ ನೋಟ್‌ಬುಕ್ಕಿನ ನಾಲ್ಕೈದು ಪುಟಗಳನ್ನು ಬರೆದವರಿಂದಲೇ ಓದಿಸಿ, ಆಮೇಲೆ ಮೇಷ್ಟ್ರಿಗೆ ಮೈಕು ಕೊಡಿ. ಭಾಷಣಗಳು ಅದರ ನಂತರ. ನಮ್ಮಲ್ಲಿ ನಂತರ ಮಾತನಾಡಿದವರು ಇಬ್ಬರೇ, ಉಪ್ಪಿಟ್ಟು ಬಿಸಿಯಾಗಿತ್ತು.

ಒಂದು ವಾರ ಬಿಟ್ಟು ಫೋಟೋ ಕೊಡಲು ಅವರ ಮನೆಗೆ ಹೋದೆ. ಜಗಲಿಯಲ್ಲಿ ಕನ್ನಡಕ ಏರಿಸಿ, ಕೆಂಪು ಶಾಯಿಯ ಪೆನ್ನು ಹಿಡಿದು ಕುಳಿತಿದ್ದರು. ನಾವು ತಿದ್ದದೆ ಬಿಟ್ಟ ತಪ್ಪುಗಳನ್ನೆಲ್ಲ ಪುಟಪುಟವೂ ತಿದ್ದಿಟ್ಟಿದ್ದರು. ಒತ್ತಕ್ಷರ, ದೀರ್ಘ, ಒಂದನ್ನೂ ಬಿಟ್ಟಿರಲಿಲ್ಲ. ‘ತಿಪಟೂರು’ ಪುಟದಲ್ಲಿ ಮಾತ್ರ ದೊಡ್ಡದೊಂದು ಸರಿ ಗುರುತು ಇತ್ತು.